ನೀಲಿ ದ್ರಾವಣದಲ್ಲಿ ಒಂದು ಹನಿ ರಕ್ತ

ಉತ್ಸಾಹದಿಂದ ರಕ್ತದಾನ ಶಿಬಿರಕ್ಕೆ ಹೋದ ಕಾಲೇಜು ಹುಡುಗಿ ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬರುತ್ತಾಳೆ. ‘ಅಮ್ಮಾ, ನನ್ನ ರಕ್ತ ಬೇಡವಂತೆ!’ ಬೇಡವೆಂದು ತೀರ್ಮಾನಿಸಿದ್ದು ಯಾರು? ಒಂದಿಷ್ಟು ನೀಲಿ ದ್ರಾವಣ!

ಅಡಿಕೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವೇ ಇಲ್ಲಿಯೂ ಇರುವುದು. ಹಲವು ಶಿಬಿರಗಳಲ್ಲಿ ಬಳಸುವ ಈ ದ್ರಾವಣದ ಸಾಪೇಕ್ಷ ಸಾಂದ್ರತೆ 1.053. ಬೆರಳ ತುದಿಯ ರಕ್ತದ ಹನಿ ಅದರಲ್ಲಿ 15 ಸೆಕೆಂಡಿನೊಳಗೆ ಮುಳುಗಿದರೆ, 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12.5 ಗ್ರಾಂ ಹಿಮೋಗ್ಲೋಬಿನ್ ಇದೆಯೆಂದರ್ಥ. ಹಿಮೋಗ್ಲೋಬಿನ್ ಕಡಿಮೆಯಾದರೆ ರಕ್ತ ಹಗುರ. ಹನಿ ತಡೆದು ನಿಂತು ಮೇಲೇರುತ್ತದೆ. ಅಂಥವರಿಂದ ರಕ್ತ ಪಡೆಯುವಂತಿಲ್ಲ.

ಸಂಗ್ರಹಿಸಿದ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮಾಡುವುದು ರೋಗಿಯ ರಕ್ಷಣೆಗಾಗಿ. ಈ ಹನಿಯ ಪರೀಕ್ಷೆ ದಾನಿಯ ರಕ್ಷಣೆಗಾಗಿ.

ಆದ್ದರಿಂದ ತೇಲಿದ ಹನಿ ಅವಮಾನವಲ್ಲ, ಎಚ್ಚರಿಕೆ. ಪಾಲಕರು ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ದು ರಕ್ತಕಣಗಳ ಪೂರ್ಣ ಎಣಿಕೆ ಮಾಡಿಸಬೇಕು. ಕೆಂಪುಕಣಗಳು ಚಿಕ್ಕದಾಗಿ ಬಿಳಿಚಿಕೊಂಡಿದ್ದರೆ ಕಬ್ಬಿಣದ ಕೊರತೆಯ ಶಂಕೆ. ದೊಡ್ಡದಾಗಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆಯಿರಬಹುದು. ಕಾರಣ ತಿಳಿದರೆ ಚಿಕಿತ್ಸೆ ಸುಲಭ. ಸೊಪ್ಪು, ಹುರುಳಿಯ ಊಟದ ಜೊತೆ ನಿಂಬೆರಸವಿರಲಿ. ಊಟವಾದೊಡನೆ ಚಹಾ ಬೇಡ.

ಇಂದು ತೇಲಿದ ಹನಿ ಮುಂದೊಂದು ದಿನ ಮುಳುಗೀತು. ಆಗ ಅವಳನ್ನು ಶಿಬಿರಕ್ಕೆ ನೀವೇ ಕರೆದುಕೊಂಡು ಹೋಗಿ.