ಒಡಿಕತ್ತಿಯ ಬಾಗು ಯಾರ ಬಳುವಳಿ?

ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಂಥ ಊರುಗಳಲ್ಲಿ ಮಚ್ಚಿಲ್ಲದ ಮನೆ ವಿರಳ. ಎಳನೀರು ಕೆತ್ತಲು, ಸೌದೆ ಸೀಳಲು, ಬೇಲಿಯ ಮುಳ್ಳು ಸವರಲು ಅದೊಂದಿದ್ದರೆ ಸಾಕು. ಅದರ ತುದಿ ಕೊಕ್ಕಿನಂತೆ ಒಳಕ್ಕೆ ಬಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಏಕೆ ಬಾಗಿದೆಯೆಂದು ಕೇಳಿದವರು ಕಡಿಮೆ. ಈ ಬಾಗು ಹಿರಿದಾಗಿ, ಭಾರವಾಗಿ, ಸಮರಾಯುಧವೇ ಆಗಿ ಬೆಳೆದುದನ್ನು ಕಾಣಬೇಕಾದರೆ ಸಂಗಮದ ಕಾವೇರಿಯನ್ನು ಅನುಸರಿಸಿ ಆಕೆಯ ತವರಾದ ಕೊಡಗಿಗೇ ಹೋಗಬೇಕು.

ಕೊಡವರ ಒಡಿಕತ್ತಿ ಅಲ್ಲಿಯದು. ಅಗಲವಾದ ಅಲಗು, ಒಂದೇ ಬಾಯಿ, ಅದೂ ಬಾಗಿನ ಒಳಮೈಯಲ್ಲಿ. ಇದಕ್ಕೆ ಒರೆಯಿಲ್ಲ. ನಡುವಿನ ಹಿಂಬದಿಗೆ ಕಟ್ಟಿದ ‘ತೊಡಂಗ್’ ಎಂಬ ಲೋಹದ ಕೊಂಡಿಯಲ್ಲಿ ಅದು ನಿಲ್ಲುತ್ತದೆ. ನಡುಕಟ್ಟಿನ ಮುಂಬದಿಯಲ್ಲಿ ಬೆಳ್ಳಿ ಕೆಲಸದ ಪೀಚೆಕತ್ತಿ ಮೆರೆದರೆ, ಬೆನ್ನಿನಲ್ಲಿ ಒಡಿಕತ್ತಿ ಮೌನವಾಗಿ ಕುಳಿತಿರುತ್ತದೆ.

ಸಾಮಾನ್ಯ ಖಡ್ಗದ ಬಾಗು ಹೊರಮುಖವಾದುದು. ಕುದುರೆಯ ಮೇಲಿನ ವೀರ ಅದನ್ನು ಬೀಸಿ ಎಳೆದಾಗ ಅಲಗು ಜಾರುತ್ತ ಸೀಳುತ್ತದೆ. ಒಡಿಕತ್ತಿಯ ಧರ್ಮವೇ ಬೇರೆ. ಅದರ ತೂಕವೆಲ್ಲ ತುದಿಯ ಕಡೆಗೆ. ಒಳಬಾಗು ಪೆಟ್ಟನ್ನು ಜಾರಗೊಡದೆ ಹಿಡಿದು ಕಡಿಯುತ್ತದೆ. ಒಂದು ಸೀಳುವ ಆಯುಧ, ಇನ್ನೊಂದು ಕಡಿಯುವ ಆಯುಧ.

ಪ್ರಾಚೀನ ಗ್ರೀಕರ ‘ಕೋಪಿಸ್’ ಎಂಬ ಕತ್ತಿಗೂ ಇಂಥದೇ ಒಳಬಾಗು. ಇದನ್ನು ಕಂಡ ಕೆಲವು ಪಾಶ್ಚಾತ್ಯರು, ಭಾರತದ ಇಂತಹ ಕತ್ತಿಗಳೆಲ್ಲ ಅಲೆಕ್ಸಾಂಡರನ ಸೈನ್ಯದೊಡನೆ ಬಂದವೆಂದು ಊಹಿಸಿದರು. ಆದರೆ ಕ್ರಿ.ಪೂ. 326ರಲ್ಲಿ ಆ ಸೈನ್ಯ ಪಂಜಾಬಿನ ವಿಪಾಶಾ ನದಿಯಿಂದಲೇ ಹಿಂದಿರುಗಿತು. ಮೇಲಾಗಿ, ಗ್ರೀಕ್ ಲೇಖಕ ಕ್ಸೆನೊಫೋನ್ ಕೋಪಿಸನ್ನು ಶಿಫಾರಸು ಮಾಡಿದ್ದು ಕುದುರೆ ಸವಾರನಿಗೆ. ಒಡಿಕತ್ತಿಯೋ ಕಾಡಿನ ಕಾಲಾಳಿನದು. ಪ್ರಭಾವವನ್ನು ಹುಡುಕುವುದಾದರೆ ಘಟ್ಟದ ಕೆಳಗೇ ಉಂಟು: ಮಲಬಾರಿನ ನಾಯರ್ ಯೋಧರೂ ಇದೇ ಬಗೆಯ ಕತ್ತಿಯನ್ನು ಧರಿಸುತ್ತಿದ್ದರು.

ಆಯುಧ ಊರು ಬದಲಿಸಿದಂತೆ ರೂಪ ಬದಲಿಸುವುದಕ್ಕೆ ಜಾವಾದ ‘ಕ್ರಿಸ್’ ಸಾಕ್ಷಿ. ಅಲ್ಲಿ ಅದು ಇರಿಯುವ ಕಠಾರಿ. ಹಲವು ಬಾರಿ ಹಾವಿನಂತೆ ಅಲೆಯಲೆಯಾದ ಅಲಗು. ಫಿಲಿಪ್ಪೀನ್ಸಿನ ದಕ್ಷಿಣದ್ವೀಪಗಳ ಮೋರೋ ಜನರ ಕೈಯಲ್ಲಿ ಅದೇ ಉದ್ದವಾಗಿ, ಭಾರವಾಗಿ, ಕಡಿಯುವ ಖಡ್ಗವಾಯಿತು. ಹೆಸರು ಉಳಿಯಿತು, ಕೆಲಸ ಬದಲಾಯಿತು, ಕೆಲಸದೊಡನೆ ರೂಪವೂ ಬದಲಾಯಿತು.

ಒಡಿಕತ್ತಿಯ ಗುಟ್ಟೂ ಇದೇ ಇರಬೇಕು. ಬಿದಿರು ಬಳ್ಳಿಗಳ ನಡುವೆ ದಾರಿ ಕಡಿಯಬೇಕಾದವನಿಗೆ ಜಾರುವ ಅಲಗು ನಿಷ್ಪ್ರಯೋಜಕ. ಅದನ್ನರಿಯಲು ನಾಡಿನ ಕಮ್ಮಾರನಿಗೆ ಯವನ ಗುರು ಬೇಕಿರಲಿಲ್ಲ. ಒಂದೇ ಅಗತ್ಯ ಎರಡು ದೇಶಗಳಲ್ಲಿ ಒಂದೇ ಬಾಗನ್ನು ಹುಟ್ಟಿಸಬಹುದು.

1834ರಲ್ಲಿ ಕೊಡಗು ಆಂಗ್ಲರ ವಶವಾಯಿತು, ಅರಸೊತ್ತಿಗೆ ಅಳಿಯಿತು. ಕತ್ತಿ ಮಾತ್ರ ಅಳಿಯಲಿಲ್ಲ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದಿನಂದು, ಕೋವಿಯೊಡನೆ ಒಡಿಕತ್ತಿಗೂ ಇಂದಿಗೂ ಹೂವೇರುತ್ತದೆ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡನ್ನು ಅದು ಒಂದೇ ಏಟಿಗೆ ತುಂಡರಿಸುತ್ತದೆ.

ಆ ಕ್ಷಣದಲ್ಲಿ ಎಲ್ಲರೂ ಕತ್ತಿ ಬೀಸಿದವನ ತೋಳನ್ನು ಕೊಂಡಾಡುತ್ತಾರೆ. ಆ ಬಾಗನ್ನು ಮೊದಲು ಬಡಿದು ತಿದ್ದಿದ ಹೆಸರಿಲ್ಲದ ಕಮ್ಮಾರನಿಗೂ ಅದರಲ್ಲಿ ಒಂದು ಪಾಲು ಸಲ್ಲಬೇಡವೆ?