ಕಾಲು ನೋಡಿ ಕೊಟ್ಟ ಹೆಸರು

ಕೆಸರೆ ಎಂಬ ಊರಿನ ಹಿತ್ತಲಲ್ಲಿ ಬೆಳ್ಳಂಬೆಳಗ್ಗೆ ಕುಂಬಳದ ಹೂವಿಗೆ ಇಳಿಯುವ ತುಡುವೆ ಜೇನಿನ ಗೂಡಿಗೆ ನುಗ್ಗೆಯೂ ಬೇಕು, ಹೊಂಗೆಯೂ ಬೇಕು, ತೆಂಗೂ ಬೇಕು. ಹೀಗೆ ನಂಟೇ ಇಲ್ಲದ ಹತ್ತಾರು ಗಿಡಗಳಿಂದ ಪರಾಗ ತರುವ ಜೇನನ್ನು ಕೀಟಶಾಸ್ತ್ರ 'ಪಾಲಿಲೆಕ್ಟಿಕ್' ಎನ್ನುತ್ತದೆ; ಒಂದೇ ಬಳಗದ ಗಿಡಗಳಿಗೆ ಜೋತುಬಿದ್ದದ್ದು 'ಆಲಿಗೊಲೆಕ್ಟಿಕ್'.

ಈ ವಿಂಗಡಣೆಗೆ ಮೊದಲು ಕೈಹಾಕಿದವನು ಎರ್ನ್‌ಸ್ಟ್ ಲೋವ್. 1884ರಲ್ಲಿ ಬರ್ಲಿನ್ನಿನ ಸಸ್ಯೋದ್ಯಾನದಲ್ಲಿ ಹೂವಿಗೆ ಬರುವ ಕೀಟಗಳನ್ನು ಗಮನಿಸಿ 'ಪಾಲಿಟ್ರೋಪಿಕ್', 'ಆಲಿಗೊಟ್ರೋಪಿಕ್' ಎಂದು ಕರೆದ. ಆ ಹೆಸರುಗಳನ್ನು ಎತ್ತಿಕೊಂಡವನು ಅಮೆರಿಕದ ಇಲಿನಾಯ್ ರಾಜ್ಯದ ಚಾರ್ಲ್ಸ್ ರಾಬರ್ಟ್‌ಸನ್. ಕಾರ್ಲಿನ್‌ವಿಲ್ ಎಂಬ ಸಣ್ಣ ಊರಿನ ಸುತ್ತಮುತ್ತಲೇ ದಶಕಗಟ್ಟಲೆ ಅಲೆದು, ಯಾವ ಹೂವಿಗೆ ಯಾವ ಕೀಟ ಬಂತು ಎಂದು ಬರೆದಿಟ್ಟುಕೊಂಡ ಆಸಾಮಿ. 1928ರ ಅವನ ಪುಸ್ತಕದಲ್ಲಿ 1,400ಕ್ಕೂ ಹೆಚ್ಚು ಬಗೆಯ ಕೀಟಗಳಿವೆ.

ಆದರೆ ಹೂವಿಗೆ ಬಂದವರೆಲ್ಲ ಪರಾಗಕ್ಕೆ ಬಂದವರಲ್ಲ. ಗಂಡುಜೇನು ಮಕರಂದ ಕುಡಿದು ಹೋಗುತ್ತದೆ, ಮರಿಗೆ ಪರಾಗ ಒಯ್ಯುವುದಿಲ್ಲ. ಒಂದೇ ಗಿಡದ ಪರಾಗ ನೆಚ್ಚಿದ ಹೆಣ್ಣೂ ಬಾಯಾರಿದಾಗ ಪಕ್ಕದ ಹೂವಿಗೆ ಹೋಗಿಬರುತ್ತದೆ. ಭೇಟಿಗಳನ್ನಷ್ಟೇ ಎಣಿಸಿದರೆ ಎಂಥ ಪಥ್ಯದ ಜೇನೂ ಸರ್ವಭಕ್ಷಕವಾಗಿ ಕಾಣುತ್ತದೆ! ನೋಡಬೇಕಾದದ್ದು ಹೆಣ್ಣು ತನ್ನ ಕಾಲಿಗೆ, ಮೈಕೂದಲಿಗೆ ತುಂಬಿಕೊಂಡ ಪರಾಗವನ್ನು. ಅದಕ್ಕೇ 1925ರ ಲೇಖನದಲ್ಲಿ ರಾಬರ್ಟ್‌ಸನ್ ಹೆಸರನ್ನೇ ಬದಲಿಸಿದ: 'ತಿರುಗು' ಎಂಬರ್ಥದ 'ಟ್ರೋಪಿಕ್' ಎಂಬ ಗ್ರೀಕ್ ಬಾಲ ಬಿಟ್ಟು 'ಆಯ್ದುಕೊಳ್ಳು' ಎಂಬರ್ಥದ 'ಲೆಕ್ಟಿಕ್' ಜೋಡಿಸಿದ. ಹೆಸರಿಡುವುದರಲ್ಲಿ ಇಷ್ಟು ಚೊಕ್ಕತನ ವಿಜ್ಞಾನಿಗಳಲ್ಲೂ ಅಪರೂಪ.

ನಮ್ಮ ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ ನಾಲ್ಕೂ ಪಾಲಿಲೆಕ್ಟಿಕ್. ಕುಟುಂಬ ವರ್ಷವಿಡೀ ಬದುಕಬೇಕು. ಹೊಂಗೆ ಹೂ ಉದುರಿತೆಂದು ಮರಿಗಳನ್ನು ಉಪವಾಸ ಕೆಡವಲಾಗದು. ಹಾಗೆಂದು ಪ್ರತಿ ಜೇನೂ ಸಿಕ್ಕಸಿಕ್ಕ ಹೂವಿಗೆ ಹಾರುವುದಿಲ್ಲ. ಒಂದು ಸುತ್ತಿನಲ್ಲಿ ಅದು ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ನಿಷ್ಠ. ಇದನ್ನು ಅರಿಸ್ಟಾಟಲನೇ ಗುರುತಿಸಿದ್ದ. ವೈವಿಧ್ಯ ಇರುವುದು ಇಡೀ ಗೂಡಿನ ಲೆಕ್ಕದಲ್ಲಿ.

ಆದರೆ ಕುಂಬಳದ ತವರಾದ ಅಮೆರಿಕ ಖಂಡಗಳಲ್ಲಿ ಅದರ ಪರಾಗವನ್ನೇ ನೆಚ್ಚಿದ ಆಲಿಗೊಲೆಕ್ಟಿಕ್ ಒಂಟಿಜೇನುಗಳಿವೆ. ಬಳ್ಳಿ ಕಡಲು ದಾಟಿ ಇಲ್ಲಿಗೆ ಬಂತು, ಆ ಜೇನು ಬರಲಿಲ್ಲ. ಕೆಸರೆಯಲ್ಲಿ ಆ ಕೆಲಸ ತುಡುವೆಯಂಥವರ ಪಾಲಿಗೆ ಬಿತ್ತು.

ಹೀಗೆ ಕೆಲವೇ ಹೂಗಳನ್ನು ನೆಚ್ಚಿದ ಜೇನುಗಳ ಪಾಡೇನಾಯಿತು? 2009–10ರಲ್ಲಿ ಸಂಶೋಧಕರು ರಾಬರ್ಟ್‌ಸನ್ನನ ಪಟ್ಟಿ ಹಿಡಿದು ಕಾರ್ಲಿನ್‌ವಿಲ್‌ಗೆ ಮರಳಿದರು. ಅವರು ಹುಡುಕಿದ 26 ಜಾತಿಯ ಗಿಡಗಳ ಹೂಗಳಲ್ಲಿ ಹಿಂದೆ ಕಂಡಿದ್ದ ಜೇನುಜಾತಿಗಳ ಪೈಕಿ ಸುಮಾರು ಅರ್ಧ ಸಿಗಲೇ ಇಲ್ಲ. ಕಾಣೆಯಾದವುಗಳಲ್ಲಿ ಕೆಲವೇ ಹೂಗಳನ್ನು ನೆಚ್ಚಿದವುಗಳ ಪಾಲು ಹೆಚ್ಚು.