ಮೆಡಿಟರೇನಿಯನ್ ಬಂದರಿನಿಂದ ಚಂದ್ರವಳ್ಳಿಗೆ

ದಾವಣಗೆರೆಯಿಂದ ಬೆಂಗಳೂರಿನ ಕಡೆಗೆ ಹೊರಟ ಬಸ್ಸು ಆನಗೋಡು, ಭರಮಸಾಗರಗಳನ್ನು ಹಾದು ಚಿತ್ರದುರ್ಗ ಮುಟ್ಟುತ್ತದೆ. ಅಲ್ಲಿನ ಕೋಟೆ ಬೆಟ್ಟದ ಮಗ್ಗುಲಲ್ಲಿರುವ ಚಂದ್ರವಳ್ಳಿಗೆ ಜನ ಹೋಗುವುದು ಕೆರೆ ಹಾಗೂ ಗುಹೆಗಳನ್ನು ನೋಡಲು, ಕದಂಬ ಮಯೂರಶರ್ಮನ ಶಾಸನ ನೋಡಲು. ಅದೇ ಕಣಿವೆಯ ಮಣ್ಣಿನಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕಿವೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಇಲ್ಲಿ ಉತ್ಖನನ ನಡೆಸಿದರು. ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಗೆ ಈ ಬೆಳ್ಳಿ ಬಂದದ್ದಾದರೂ ಹೇಗೆ?

ಇದಕ್ಕೆ ಉತ್ತರ ಹುಡುಕುವವರು ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರವನ್ನು ತಿಳಿಯಬೇಕು. ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಸ್ಥಾಪಿಸಿದ ಈ ಬಂದರು ಇಂದಿಗೂ ಗಿಜಿಗುಡುವ ಊರು. ಕಡಲಿಗೆ ಬಾಗಿಕೊಂಡಂತೆ ಸಾಗುವ ದಂಡೆಯ ರಸ್ತೆ, ಮೀನುಗಾರರ ದೋಣಿಗಳು, ಕಾಫಿ ಅಂಗಡಿಗಳು ಪ್ರವಾಸಿಗರನ್ನು ಸೆಳೆಯುತ್ತವೆ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ದೀಪಸ್ತಂಭ ಇದ್ದದ್ದು ಇಲ್ಲಿಯೇ. ಭೂಕಂಪಗಳಿಂದ ಅದು ಉರುಳಿದ ಮೇಲೆ, 15ನೇ ಶತಮಾನದಲ್ಲಿ ಸುಲ್ತಾನ ಕೈತ್‌ಬೇ ಅದೇ ಜಾಗದಲ್ಲಿ ಕೋಟೆ ಕಟ್ಟಿಸಿದ. 1994ರಲ್ಲಿ ಆ ಕೋಟೆಯ ಬಳಿ ನೀರಿಗಿಳಿದ ಸಂಶೋಧಕರಿಗೆ ಭಾರಿ ಕಲ್ಲುಗಳೂ ಪ್ರತಿಮೆಗಳೂ ಕಂಡವು. ಹಳೆಯ ಗ್ರಂಥಾಲಯದ ನೆನಪಿಗೆ ಕಟ್ಟಿದ ಹೊಸ ಗ್ರಂಥಾಲಯ 2002ರಲ್ಲಿ ಉದ್ಘಾಟನೆಗೊಂಡಿತು.

ಊರಿನ ದಕ್ಷಿಣಕ್ಕೆ ಮರಿಯೋಟಿಸ್ ಎಂಬ ಸರೋವರವಿದೆ. ಅದರ ದಡದಲ್ಲಿ ಒಂದು ಕಾಲಕ್ಕೆ ದ್ರಾಕ್ಷಿ ತೋಟಗಳೂ ದ್ರಾಕ್ಷಿಮದ್ಯ ತುಂಬುವ ಜಾಡಿಗಳನ್ನು ಸುಡುವ ಆವಿಗೆಗಳೂ ಇದ್ದವು. ಭೂಗೋಳಜ್ಞ ಸ್ಟ್ರಾಬೋ ಅಲ್ಲಿಯ ಮದ್ಯ ಒಳ್ಳೆಯದೆಂದು ಬರೆದಿದ್ದಾನೆ. ಎರಡು ಹಿಡಿ, ಚೂಪು ತಳ ಇರುವ ಆ ಜಾಡಿಗಳಿಗೆ ಆಂಫೊರಾ ಎಂದು ಹೆಸರು. ಹಡಗಿನ ಒಡಲಲ್ಲಿ ಒಂದರ ಸಂದಿಗೆ ಇನ್ನೊಂದನ್ನು ಸೇರಿಸಿಡಲು ಚೂಪು ತಳ ಅನುಕೂಲ. ಮದ್ಯ ಸೋರದಂತೆ ಒಳಗೆ ರಾಳ ಬಳಿಯುತ್ತಿದ್ದರು.

ಅಲೆಕ್ಸಾಂಡ್ರಿಯಾದಿಂದ ಸರಕು ನೈಲ್ ನದಿಯ ಮೇಲೆ ಕಾಪ್ಟಸ್‌ವರೆಗೆ ಹೋಗಿ, ಅಲ್ಲಿಂದ ಒಂಟೆಗಳ ಮೇಲೆ ಮರುಭೂಮಿ ದಾಟಿ ಕೆಂಪು ಸಮುದ್ರದ ಬಂದರುಗಳನ್ನು ಸೇರುತ್ತಿತ್ತು. ಜುಲೈ ತಿಂಗಳಲ್ಲಿ ಹೊರಟ ಹಡಗುಗಳು ನೈಋತ್ಯ ಮಾರುತದ ಬಲದಿಂದ ಭಾರತ ತಲುಪಿ, ಗಾಳಿ ತಿರುಗಿದ ಮೇಲೆ ಮರಳುತ್ತಿದ್ದವು. ನಮ್ಮ ಮುಂಗಾರು ಮಳೆ ತರುವ ಗಾಳಿಯೇ ಅವರ ವ್ಯಾಪಾರಕ್ಕೂ ಆಧಾರ. ಕ್ರಿ.ಶ. ಒಂದನೇ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿ ಯಾವ ಬಂದರಿನಲ್ಲಿ ಏನು ಮಾರಾಟವಾಗುತ್ತದೆ ಎಂದು ಪಟ್ಟಿ ಕೊಡುತ್ತದೆ. ಗುಜರಾತಿನ ಭರೂಚ್‌ನಲ್ಲಿ ಇಟಲಿಯ ಮದ್ಯಕ್ಕೆ ಹೆಚ್ಚು ಬೇಡಿಕೆ. ಕೇರಳದ ಮುಜಿರಿಸ್‌ಗೆ ಹೋಗುತ್ತಿದ್ದ ಮದ್ಯ ಕಡಿಮೆ, ಹಣವೇ ಹೆಚ್ಚು.

ಹಣ ಎಷ್ಟೆಂಬುದನ್ನು ವಿಯೆನ್ನಾದಲ್ಲಿರುವ ಎರಡನೇ ಶತಮಾನದ ಒಂದು ಪಪೈರಸ್ ತಿಳಿಸುತ್ತದೆ. ಮುಜಿರಿಸ್‌ನಿಂದ ಮರಳಿದ ‘ಹರ್ಮಪೊಲ್ಲಾನ್’ ಎಂಬ ಹಡಗಿನ ಸರಕಿನ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್. ನಾಲ್ಕು ಸೆಸ್ಟರ್ಸ್‌ಗೆ ಒಂದು ಬೆಳ್ಳಿಯ ಡಿನೇರಿಯಸ್. ಸಂಸ್ಕೃತದ ‘ದೀನಾರ’ ಶಬ್ದದ ಮೂಲ ಇದೇ. ಆಗ ರೋಮನ್ ಸಿಪಾಯಿಯ ವರ್ಷದ ಸಂಬಳ 300 ಡಿನೇರಿಯಸ್. ಒಂದೇ ಹಡಗಿನ ಸರಕು ಐದು ಸಾವಿರಕ್ಕೂ ಹೆಚ್ಚು ಸಿಪಾಯಿಗಳ ವರ್ಷದ ಸಂಬಳಕ್ಕೆ ಸಮ. ಭಾರತ ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತಿದೆ ಎಂದು ರೋಮಿನ ಪ್ಲಿನಿ ಗೊಣಗಿದ್ದು ಸುಮ್ಮನೆ ಅಲ್ಲ.

ಸರಕಿನ ಜೊತೆ ಸುದ್ದಿಯೂ ಪ್ರಯಾಣ ಮಾಡಿತು. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿ ನಮ್ಮ ಬನವಾಸಿಯನ್ನು ಹೆಸರಿಸಿದ್ದಾನೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್ಸಿನ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕಡಲತೀರದ ರಾಜನೊಬ್ಬ ಬರುತ್ತಾನೆ. ಅವನ ಸೆರೆಯಲ್ಲಿರುವ ಗ್ರೀಕ್ ತರುಣಿ ಕ್ಯಾರಿಟಿಯಾನ್. ಆಕೆಯನ್ನು ಬಿಡಿಸಲು ಬಂದವರು ಹೂಡುವ ಉಪಾಯವೆಂದರೆ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸುವುದು. ಗ್ರೀಕರು ನೀರು ಬೆರೆಸಿ ಕುಡಿಯುತ್ತಿದ್ದ ಮದ್ಯವನ್ನು ಇವರಿಗೆ ಬೆರೆಸದೆ ಕೊಡುತ್ತಾರೆ. ರಾಜನ ಕಡೆಯವರ ಮಾತು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ವಾದಿಸಿದರು. ‘ಕೊಂಚ’, ‘ಮಧು’, ‘ಪಾತ್ರ’ ಎಂಬ ಪದಗಳನ್ನು ಅವರು ಅಲ್ಲಿ ಗುರುತಿಸಿದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಈ ವಾದವನ್ನು ಮುಂದುವರಿಸಿದರು, ಎಲ್.ಡಿ. ಬಾರ್ನೆಟ್ ಒಪ್ಪಲಿಲ್ಲ, ಅದು ತುಳು ಎಂದವರೂ ಉಂಟು. ವಾದ ಇನ್ನೂ ಮುಗಿದಿಲ್ಲ.

ಚಂದ್ರವಳ್ಳಿಯ ನಾಣ್ಯಗಳ ಸಾಕ್ಷ್ಯ ಇದಕ್ಕಿಂತ ಗಟ್ಟಿ, ಆದರೆ ಅದಕ್ಕೂ ಮಿತಿಯಿದೆ. ನಾಣ್ಯ ಸಿಕ್ಕಿತೆಂದ ಮಾತ್ರಕ್ಕೆ ರೋಮನ್ನರೇ ಇಲ್ಲಿಗೆ ಬಂದಿದ್ದರೆನ್ನಲಾಗದು. ಬಂದರಿನ ವರ್ತಕನಿಂದ ಒಳನಾಡಿನ ವ್ಯಾಪಾರಿಗೆ, ಅವನಿಂದ ಇನ್ನೊಬ್ಬನಿಗೆ ಹೀಗೆ ಕೈಯಿಂದ ಕೈಗೆ ಅದು ದಾಟಿರಬಹುದು. ಮದ್ಯದ ಜಾಡಿ ಎತ್ತಿನ ಮೇಲೆ ಘಟ್ಟ ಹತ್ತುವುದು ಕಷ್ಟ. ಬೆಳ್ಳಿ ಸೊಂಟದ ಚೀಲದಲ್ಲೇ ಬರಬಲ್ಲದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಒಟ್ಟಿಗೆ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಒಳನಾಡು ಈ ವ್ಯಾಪಾರದಿಂದ ಹೊರಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಚಂದ್ರವಳ್ಳಿಯ ನಾಣ್ಯಗಳಿಂದ ಇನ್ನೊಂದು ದೊಡ್ಡ ಉಪಕಾರವಾಯಿತು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ನಾಣ್ಯವಿದ್ದ ಮಣ್ಣಿನ ಪದರ ಅದಕ್ಕಿಂತ ಹಳೆಯದಾಗಿರಲಾರದು. ಅದೇ ಪದರದ ಮಡಕೆ ಚೂರುಗಳಿಗೂ, ಶಾತವಾಹನರ ಕಾಲದ ಸೀಸದ ನಾಣ್ಯಗಳಿಗೂ ಕಾಲ ಹೇಳಲು ವೀಲರ್ ಅವರಿಗೆ ಇದರಿಂದ ದಾರಿಯಾಯಿತು. ಚಂದ್ರವಳ್ಳಿ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗಳ ಉತ್ಖನನ ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಗೆ ಕಾಲದ ಚೌಕಟ್ಟು ಒದಗಿಸಿದ್ದು ಹೀಗೆ.

ಇಂಥ ಆಧಾರ ಕೈತಪ್ಪುವುದು ಬಹಳ ಸುಲಭ. ಹೊಲ ಉಳುವಾಗ, ಪಾಯ ತೋಡುವಾಗ, ಕೆರೆಯ ಹೂಳು ತೆಗೆಯುವಾಗ ಸಿಕ್ಕ ನಾಣ್ಯ ಅಕ್ಕಸಾಲಿಗನ ಮೂಸೆಗೆ ಹೋದರೆ ನಾಲ್ಕು ಗ್ರಾಂ ಬೆಳ್ಳಿಯೂ ದಕ್ಕುವುದಿಲ್ಲ. ಕದ್ದು ಮಾರಿದರೆ ನಾಣ್ಯ ಉಳಿದರೂ ಅದು ಯಾವ ಊರಿನದು, ಯಾವ ಪದರದ್ದು ಎಂಬ ವಿವರ ಶಾಶ್ವತವಾಗಿ ಹೋಗುತ್ತದೆ. ಹೀಗೆ ಸಿಕ್ಕ ನಿಧಿಯನ್ನು ಜಿಲ್ಲಾಡಳಿತದ ಗಮನಕ್ಕೆ ತರಬೇಕೆಂದು ಕಾನೂನು ಹೇಳುತ್ತದೆ. ಸಿಕ್ಕ ವಸ್ತುವನ್ನು ತಿಕ್ಕಿ ತೊಳೆಯದೆ, ಸಿಕ್ಕ ಜಾಗವನ್ನು ಇನ್ನಷ್ಟು ಅಗೆಯದೆ ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿದರೆ, ಆ ಊರಿನ ಹೆಸರು ಚರಿತ್ರೆಯಲ್ಲಿ ಸೇರುವ ಅವಕಾಶ ಉಳಿಯುತ್ತದೆ.